ಲಾಟರಿ, ರಿಫ್ರೆಶ್, ರೀಸೇಲ್: ಮೂರೂ ದಾರಿಯಲ್ಲಿ ಟಿಕೆಟ್ ಕೊಂಡು ನೋಡಿದೆ

ಫುಟ್‌ಬಾಲ್ ನೋಡಲು ನಾನು ಹೊರದೇಶಕ್ಕೆ ಹೋಗಿದ್ದು ಎರಡೇ ಸಲ. 2022ರಲ್ಲಿ ಕತಾರ್ ವಿಶ್ವಕಪ್, 2024ರಲ್ಲಿ ಜರ್ಮನಿಯ ಯೂರೋ, ಅಂದರೆ ಯೂರೋಪ್ ದೇಶಗಳ ಕಪ್. ಒಟ್ಟು ನಾಲ್ಕು ಮ್ಯಾಚ್. ಆ ನಾಲ್ಕು ಟಿಕೆಟ್ ಮೂರು ಬೇರೆ ಬೇರೆ ದಾರಿಯಲ್ಲಿ ಕೈಗೆ ಬಂದವು. ಉಳಿದುಕೊಂಡಿದ್ದೂ ಮೂರು ಥರ. ಯಾವುದು ಮೇಲು ಅಂತ ಸ್ನೇಹಿತರು ಕೇಳುತ್ತಲೇ ಇರುತ್ತಾರೆ, ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ.

ಮೊದಲು ಲಾಟರಿ. ಕತಾರ್‌ಗೆ ಯಾವ ತಂಡ ಯಾವ ಗುಂಪಿನಲ್ಲಿ ಅನ್ನುವುದು ಗೊತ್ತಾಗಿದ್ದು 2022ರ ಏಪ್ರಿಲ್ 1ಕ್ಕೆ. ಅದಾದ ಮೇಲೆ ಏಪ್ರಿಲ್ 5ರಿಂದ 28ರವರೆಗೆ ಫಿಫಾ ಅರ್ಜಿ ತೆಗೆದುಕೊಂಡಿತು. ಇದರಲ್ಲಿ ಒಂದು ನೆಮ್ಮದಿ ಇದೆ. ಮೊದಲ ದಿನ ಹಾಕಿದರೂ ಕೊನೆಯ ದಿನ ಹಾಕಿದರೂ ಒಂದೇ, ರಾತ್ರಿ ನಿದ್ದೆಗೆಡಬೇಕಿಲ್ಲ. ನಾನು ಮೂರು ಮ್ಯಾಚ್ ಕೇಳಿದೆ: ಅರ್ಜೆಂಟೀನಾ–ಮೆಕ್ಸಿಕೊ, ಬ್ರೆಜಿಲ್–ಸ್ವಿಟ್ಜರ್ಲೆಂಡ್, ಕ್ಯಾಮರೂನ್–ಸರ್ಬಿಯಾ. ಮೂರನೆಯದನ್ನು ಸುಮ್ನೆ ಸೇರಿಸಿದ್ದು, ಬ್ರೆಜಿಲ್ ಮ್ಯಾಚ್ ಇದ್ದ ದಿನವೇ ಅದೂ ಇತ್ತು ಅಂತ. ಮೇ ಕೊನೆಗೆ ಉತ್ತರ ಬಂತು. ಕೇಳಿದ್ದರಲ್ಲಿ ಯಾರಿಗೂ ಬೇಡದ್ದು ಯಾವುದೋ ಅದೇ ನನ್ನ ಪಾಲಿಗೆ. ಆ ಸುತ್ತಿನಲ್ಲಿ ಬಂದ ಬೇಡಿಕೆ ಎರಡು ಕೋಟಿ ಟಿಕೆಟ್‌ಗೂ ಜಾಸ್ತಿ. ಅಷ್ಟರಲ್ಲಿ ಬ್ರೆಜಿಲ್ ನನ್ನನ್ನೇ ಹುಡುಕಿಕೊಂಡು ಬರುತ್ತದೆ ಅಂದುಕೊಂಡಿದ್ದು ನನ್ನ ದಡ್ಡತನ.

ಆದರೆ ನೋಡಿ, ನಾಲ್ಕರಲ್ಲಿ ಒಳ್ಳೆಯ ಮ್ಯಾಚ್ ಅದೇ ಆಯಿತು. ಸರ್ಬಿಯಾ 3–1 ಮುಂದಿತ್ತು. ಬದಲಿ ಆಟಗಾರನಾಗಿ ಬಂದ ಅಬೂಬಕರ್ ಗೋಲಿಯ ತಲೆಯ ಮೇಲಿಂದ ಚೆಂಡನ್ನು ಎಲೆ ಹಾರಿಸಿದ ಹಾಗೆ ಎತ್ತಿ ಹಾಕಿದ. ಆಫ್‌ಸೈಡ್ ಬಾವುಟ ಮೇಲೆ ಹೋಯಿತು, ಆಮೇಲೆ ವಿಡಿಯೊ ನೋಡಿ ಗೋಲ್ ಕೊಟ್ಟರು. ಮೂರು ನಿಮಿಷದಲ್ಲಿ ಇನ್ನೊಂದು. 3–3. ನನ್ನ ಪಕ್ಕ ಕೂತಿದ್ದ ಅಜ್ಜ, ಯಾವ ದೇಶದವರೋ ಗೊತ್ತಿಲ್ಲ, ನನ್ನ ತೊಡೆಗೆ ಹೊಡೆದು ಹೊಡೆದು ನಕ್ಕರು.

ಯೂರೋ ಲಾಟರಿ ಕೈಕೊಟ್ಟಿತು. 2023ರ ಅಕ್ಟೋಬರ್‌ನಲ್ಲಿ ನಾಲ್ಕು ಮ್ಯಾಚ್‌ಗೆ ಹಾಕಿದೆ, ನಾಲ್ಕೂ ಇಲ್ಲ. ಅಲ್ಲಿಯೂ ಮೊದಲ ಸುತ್ತಿಗೆ ಎರಡು ಕೋಟಿಗೂ ಮೇಲೆ ಬೇಡಿಕೆ, ಇದ್ದದ್ದು 12 ಲಕ್ಷ ಟಿಕೆಟ್.

ಎರಡನೆಯದು ರಿಫ್ರೆಶ್ ದಾರಿ, ಅಂದರೆ ಮೊದಲು ಬಂದವರಿಗೆ ಮೊದಲು. ಕತಾರ್‌ನ ಕೊನೇ ಹಂತದ ಮಾರಾಟ 2022ರ ಸೆಪ್ಟೆಂಬರ್ 27ಕ್ಕೆ ಶುರುವಾಯಿತು. ಮೊದಲ ದಿನ ನಾನು ಆಫೀಸಿನಲ್ಲಿ ಕೂತು ಸಂಜೆಯವರೆಗೂ ಸರದಿಯ ಪಟ್ಟಿ ನೋಡಿದೆ. ಒಳಗೆ ಹೋಗುವಷ್ಟರಲ್ಲಿ ಬೇಕಾದದ್ದೆಲ್ಲ ಬೂದು ಬಣ್ಣ, ಅಂದರೆ ಮಾರಿಹೋಗಿತ್ತು. ಎರಡು ವಾರ ಬಿಟ್ಟು ಬೆಳಗ್ಗೆ ಐದೂವರೆಗೆ ಹಾಲು ಕಾಯಿಸುತ್ತಾ ಒಮ್ಮೆ ಒತ್ತಿದೆ. ನೆದರ್ಲೆಂಡ್ಸ್–ಈಕ್ವೆಡಾರ್, ಮೂರನೇ ದರ್ಜೆ, 250 ರಿಯಾಲ್. ಆಗಿನ ಲೆಕ್ಕದಲ್ಲಿ ಐದು ಸಾವಿರದ ಆರುನೂರು ರೂಪಾಯಿ. ಹಾಲು ಉಕ್ಕಿತು, ಟಿಕೆಟ್ ಸಿಕ್ಕಿತು. ಹೆಂಡತಿ ಇವತ್ತಿಗೂ ಇದನ್ನು ಎತ್ತಿ ಆಡುತ್ತಾಳೆ. ಈ ದಾರಿಯಲ್ಲಿ ಸಿಗುವುದು ನಿಜ, ಆದರೆ ಏನು ಸಿಗುತ್ತದೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಎದುರಿಗೆ ಬಂದ ಮ್ಯಾಚ್ ಹತ್ತು ನಿಮಿಷದಲ್ಲಿ ಬೇಕೋ ಬೇಡವೋ ಅಂತ ತೀರ್ಮಾನಿಸಬೇಕು.

ಇಲ್ಲೇ ಕಾರ್ಡಿನ ಮಾತು ಹೇಳಿಬಿಡುತ್ತೇನೆ. ಕತಾರ್ ಟಿಕೆಟ್‌ಗೆ ಹೊರಗಿನವರಿಂದ ವೀಸಾ ಕಂಪನಿಯ ಬ್ಯಾಂಕ್ ಕಾರ್ಡ್ ಬಿಟ್ಟು ಬೇರೇನೂ ತೆಗೆದುಕೊಳ್ಳುತ್ತಿರಲಿಲ್ಲ. ನನ್ನ ಬಳಿ ಇದ್ದ ಎರಡೂ ಬೇರೆ ಕಂಪನಿಯವು, ಅಣ್ಣನ ಕಾರ್ಡ್ ಇಸಿದುಕೊಂಡೆ. ನಮ್ಮ ಕಾರ್ಡ್‌ಗಳಲ್ಲಿ ಹೊರದೇಶದ ವಹಿವಾಟು ಬೀಗ ಹಾಕಿಯೇ ಇರುತ್ತದೆ, ಬ್ಯಾಂಕ್ ಆ್ಯಪ್‌ನಲ್ಲಿ ಮೊದಲೇ ತೆಗೆದು ಮಿತಿಯನ್ನೂ ಏರಿಸಿಡಿ. ಬುಟ್ಟಿಯಲ್ಲಿ ಟಿಕೆಟ್ ಇಟ್ಟುಕೊಂಡು ಆ ಗುಂಡಿ ಎಲ್ಲಿದೆ ಅಂತ ಹುಡುಕುವ ಸಂಕಟ ಶತ್ರುವಿಗೂ ಬೇಡ. ಹೊರದೇಶದಲ್ಲಿ ಕೂತು ಕೊಳ್ಳುವುದಾದರೆ ಒಟಿಪಿ ಬರುವ ಸಿಮ್ ರೋಮಿಂಗ್‌ನಲ್ಲಿ ಜೀವಂತ ಇರಬೇಕು, ಅದೂ ನೆನಪಿರಲಿ.

ಮೂರನೆಯದು ರೀಸೇಲ್, ನನ್ನ ಮೆಚ್ಚಿನದು. ಆ ಎರಡೂ ಸಲ ಹೋಗಲು ಆಗದವರು ಟಿಕೆಟ್ಟನ್ನು ಅದೇ ಅಧಿಕೃತ ತಾಣಕ್ಕೆ ವಾಪಸ್ ಹಾಕುತ್ತಿದ್ದರು, ಇನ್ನೊಬ್ಬರು ಮುಖಬೆಲೆಗೆ ಕೊಳ್ಳುತ್ತಿದ್ದರು, ಮೇಲೆ ಒಂದಿಷ್ಟು ಶುಲ್ಕ. ಬ್ರೆಜಿಲ್ ಮ್ಯಾಚ್ ನವೆಂಬರ್ 28ಕ್ಕೆ. 26ರ ರಾತ್ರಿ ನಾನು ದೋಹಾದ ನಜ್ಮಾದಲ್ಲಿ ಚಿಕ್ಕಮ್ಮನ ಮಗನ ರೂಮಿನಲ್ಲಿದ್ದೆ. ಅವನದೊಂದು ಲ್ಯಾಪ್‌ಟಾಪ್, ನನ್ನದೊಂದು ಫೋನ್. ಮೈದಾನದ ನಕ್ಷೆಯಲ್ಲಿ ಎಲ್ಲ ಬೂದು. ಆಗೊಮ್ಮೆ ಈಗೊಮ್ಮೆ ಒಂದು ಚುಕ್ಕಿಗೆ ಬಣ್ಣ ಬರುತ್ತದೆ, ಒತ್ತುವಷ್ಟರಲ್ಲಿ ಹೋಗಿರುತ್ತದೆ. ಒಂದೂವರೆಗೆ ಅವನು ಕಿರುಚಿದ: "ಅಣ್ಣಾ, ಬಂತು! ಸೀಟ್ ನೋಡ್ಬೇಡ, ಒತ್ತು!" ಎರಡನೇ ದರ್ಜೆ, 600 ರಿಯಾಲ್. ಹದಿಮೂರು ಸಾವಿರ ಚಿಲ್ಲರೆ. ನೇಮಾರ್ ಮೊದಲ ಮ್ಯಾಚ್‌ನಲ್ಲೇ ಪಾದದ ಗಂಟು ಉಳುಕಿಸಿಕೊಂಡಿದ್ದ, ಈ ಮ್ಯಾಚ್ ಆಡುವುದಿಲ್ಲ ಅಂತ ಆಗಲೇ ಸುದ್ದಿ ಬಂದಿತ್ತು. ಅದಕ್ಕೇ ಯಾರೋ ಬಿಟ್ಟರೋ ಏನೋ. ನನಗೇನು, ಫುಟ್‌ಬಾಲ್ ಹುಚ್ಚಿನ ಬೆಂಗಳೂರಿನ ಗೌತಮಪುರದ ಪಕ್ಕದಲ್ಲಿ ಬೆಳೆದವನು. ವಿಶ್ವಕಪ್ ಬಂತೆಂದರೆ ಬೀದಿ ತುಂಬ ಹಳದಿ ಬಾವುಟ ನೋಡಿದ ಕಣ್ಣು, ನೇಮಾರ್ ಇಲ್ಲದಿದ್ದರೂ ಬ್ರೆಜಿಲ್ ಬ್ರೆಜಿಲ್ಲೇ.

ಯೂರೋಗೂ ಕೊನೆಗೆ ರೀಸೇಲ್‌ನಲ್ಲೇ ದಾರಿ ಸಿಕ್ಕಿತು. ಡಾರ್ಟ್‌ಮಂಡ್‌ನಲ್ಲಿ ಟರ್ಕಿ–ಜಾರ್ಜಿಯಾ, ಮೂರನೇ ದರ್ಜೆ, 60 ಯೂರೋ.

ಎದುರುಬದುರು ಇಟ್ಟು ಹೇಳುವುದಾದರೆ ಲಾಟರಿಗೆ ದುಡ್ಡೂ ಹೋಗುವುದಿಲ್ಲ, ಶ್ರಮವೂ ಇಲ್ಲ, ಹಾಗಾಗಿ ಹಾಕಿಬಿಡಿ, ಆದರೆ ಅದನ್ನು ನಂಬಿ ರಜೆ ಹಾಕಬೇಡಿ. ರಿಫ್ರೆಶ್‌ನಲ್ಲಿ ನಿಮ್ಮ ಸಮಯ ಹೋಗುತ್ತದೆ. ಬೇಕಾದ ಮ್ಯಾಚನ್ನೇ ಹಿಡಿಯಬೇಕೆಂದರೆ ರೀಸೇಲ್, ಅದೂ ಕೊನೆಯ ಎರಡು ಮೂರು ದಿನದಲ್ಲಿ. ಅಷ್ಟು ಹೊತ್ತು ಎದೆ ಗಟ್ಟಿ ಇರಬೇಕು ಅಷ್ಟೇ. ಏಜೆಂಟ್ ಪ್ಯಾಕೇಜ್ ನಾನು ಕೊಂಡಿಲ್ಲ. ಕೊಂಡ ಸ್ನೇಹಿತನೊಬ್ಬನಿಗೆ ಟಿಕೆಟ್ ಆ್ಯಪ್‌ಗೆ ಬಂದಿದ್ದು ಮ್ಯಾಚಿನ ದಿನ ಮಧ್ಯಾಹ್ನ. ಅವನ ಮುಖ ನೋಡಿದ ಮೇಲೆ ಆ ಕಡೆ ತಲೆ ಹಾಕುವ ಮನಸ್ಸಾಗಲಿಲ್ಲ.

ಈಗ ಉಳಿಯುವ ವಿಚಾರ. ಜಾಸ್ತಿ ದುಡ್ಡು ಹೋಗುವುದು ಇಲ್ಲಿ.

ಕತಾರ್‌ನಲ್ಲಿ ಹೋಟೆಲ್ ದರ ನೋಡಿ ಹೆದರಿ, ಮೊದಲ ಮ್ಯಾಚ್ ನೆದರ್ಲೆಂಡ್ಸ್–ಈಕ್ವೆಡಾರ್‌ಗೆ ದುಬೈನಲ್ಲಿ ಭಾವಮೈದುನನ ಮನೆಯಿಂದ ಹೋಗಿ ಬರುವ ಯೋಜನೆ ಹಾಕಿದೆ. ಟಿಕೆಟ್ ಕೊಂಡವರಿಗೆ ಕತಾರ್ ಕೊಡುತ್ತಿದ್ದ ಹಯ್ಯಾ ಕಾರ್ಡ್ ಇದ್ದವರಿಗೆ ಯುಎಇ 100 ದಿರ್ಹಮ್‌ಗೆ ಹಲವು ಸಲ ಬಂದುಹೋಗುವ ವೀಸಾ ಕೊಡುತ್ತಿತ್ತು. ದುಬೈನ ಎರಡನೇ ವಿಮಾನ ನಿಲ್ದಾಣ ಅಲ್ ಮಕ್ತೂಮ್‌ನಿಂದ ದಿನವಿಡೀ ಶಟಲ್ ವಿಮಾನಗಳು. ಕಾಗದದ ಮೇಲೆ ಸೊಗಸು. ನಡೆದದ್ದು ಹೀಗೆ: ಆ ನಿಲ್ದಾಣಕ್ಕೆ ಮೆಟ್ರೋ ಇಲ್ಲ, ಊರಾಚೆ, ಟ್ಯಾಕ್ಸಿಗೇ ಒಂದು ಮೊತ್ತ. ಕೈಚೀಲ ಮಾತ್ರ. ಹಾರಾಟ ಒಂದು ಗಂಟೆಯದ್ದೇ, ಆದರೆ ಹಿಂದೆ ಮುಂದೆ ಸಾಲು. ಖಲೀಫಾ ಮೈದಾನದಲ್ಲಿ ಸಂಜೆ 7ಕ್ಕೆ ಆಟ ಶುರು, 1–1. ಹೊರಗೆ ಬಂದು ವಾಪಸ್ ವಿಮಾನ ಹತ್ತಿದ್ದು ಒಂದೂವರೆಗೆ. ದೋಹಾಗಿಂತ ದುಬೈ ಗಡಿಯಾರ ಒಂದು ಗಂಟೆ ಮುಂದೆ. ಹೋಗುವಾಗ ಸಿಕ್ಕಿದ ಲಾಭ ಬರುವಾಗ ಬಡ್ಡಿ ಸಮೇತ ಹೋಯಿತು. ಹಾಸಿಗೆಗೆ ಬಿದ್ದಾಗ ಬೆಳಗಿನ ಐದು. ಒಂದು ಸಲಕ್ಕೆ ಪರವಾಗಿಲ್ಲ, ಎರಡನೇ ಸಲ ನನ್ನಿಂದಾಗದು.

ದೋಹಾದಲ್ಲೇ ಉಳಿದ ಮೇಲೆ ಆಟವೇ ಬೇರೆ. ಅಲ್ಲಿ ಕೆಲಸ ಮಾಡುವವರು ತಮ್ಮ ಮನೆಯ ವಿಳಾಸ ನೋಂದಾಯಿಸಿದರೆ ಹತ್ತು ಜನ ಅತಿಥಿಗಳವರೆಗೆ ಇಟ್ಟುಕೊಳ್ಳಬಹುದಿತ್ತು. ಚಿಕ್ಕಮ್ಮನ ಮಗ ನನ್ನನ್ನು ಹಾಗೆ ಸೇರಿಸಿದ. ಹಯ್ಯಾ ಕಾರ್ಡೇ ವೀಸಾ, ಅದೇ ಮೆಟ್ರೋ ಪಾಸ್, ಬಸ್ಸೂ ಪುಕ್ಕಟೆ. ಎಂಟು ಮೈದಾನಗಳೂ ದೋಹಾ ಸುತ್ತಲೇ. ಹಾಗಾಗಿ 28ರಂದು ಮಧ್ಯಾಹ್ನ 1ಕ್ಕೆ ಅಲ್ ಜನೂಬ್‌ನಲ್ಲಿ ಕ್ಯಾಮರೂನ್, ಸಂಜೆ 7ಕ್ಕೆ 974 ಅನ್ನುವ ಮೈದಾನದಲ್ಲಿ ಬ್ರೆಜಿಲ್. ಮಧ್ಯೆ ಬಸ್ಸಿನಲ್ಲಿ ಅಲ್ ವಕ್ರಾ ನಿಲ್ದಾಣ, ಕೆಂಪು ಮಾರ್ಗದಲ್ಲಿ ಮುಶೈರಿಬ್, ಅಲ್ಲಿ ಇಳಿದು ಒಂದು ಕರಕ್ ಚಹಾ, ಮತ್ತೆ ಚಿನ್ನದ ಮಾರ್ಗ. ಎತ್ತರದ ಕುರ್ಚಿಯಲ್ಲಿ ಕೂತ ಹುಡುಗರು ದೊಡ್ಡ ಫೋಮ್ ಕೈ ತೋರಿಸುತ್ತಾ "ಮೆಟ್ರೋ? ದಿಸ್ ವೇ!" ಅಂತ ಹಾಡುತ್ತಿದ್ದರು, ಜನ ಅದಕ್ಕೆ ದನಿ ಸೇರಿಸುತ್ತಿದ್ದರು. ಆಮೇಲೆ 83ನೇ ನಿಮಿಷಕ್ಕೆ ಕಾಸೆಮಿರೊ ಹೊಡೆದ. ಒಂದೇ ದಿನ ಎರಡು ಮ್ಯಾಚ್ ಇಷ್ಟು ಆರಾಮಾಗಿ ನೋಡುವ ವಿಶ್ವಕಪ್ ಇನ್ನೊಂದು ಬರುವುದು ಕಷ್ಟ.

ಜರ್ಮನಿ ಇದಕ್ಕೆ ಪೂರ್ತಿ ಉಲ್ಟಾ. ಟಿಕೆಟ್ ಅಗ್ಗ, ಊರು ಹತ್ತು, ವೀಸಾ ಬೇರೆ. ಮ್ಯಾಚ್ ಟಿಕೆಟ್ ಇದ್ದರೆ ಯೂರೋಪಿನ ಷೆಂಗೆನ್ ವೀಸಾ ಸಿಗುತ್ತದೆ ಅನ್ನುವುದೇನಿಲ್ಲ. ಇಲ್ಲದಿದ್ದರೂ ಸಿಗುತ್ತದೆ. ನಾನು ಮಾರ್ಚ್‌ನಲ್ಲಿ ಅರ್ಜಿ ಹಾಕಿದಾಗ ಕೈಯಲ್ಲಿ ಒಂದೂ ಟಿಕೆಟ್ ಇರಲಿಲ್ಲ. ಪ್ರವಾಸಿ ಅಂತಲೇ ಬರೆದೆ. ರದ್ದು ಮಾಡಬಹುದಾದ ರೂಮು, 30,000 ಯೂರೋ ಮೊತ್ತದ ವಿಮೆ, ಆರು ತಿಂಗಳ ಬ್ಯಾಂಕ್ ಪುಸ್ತಕ. ಶುಲ್ಕ ಆಗ 80 ಯೂರೋ, ಜೂನ್ 11ರಿಂದ 90 ಆಯಿತು. ಆರು ತಿಂಗಳು ಮುಂಚಿನಿಂದಲೂ ಅರ್ಜಿ ತೆಗೆದುಕೊಳ್ಳುತ್ತಾರೆ, ಹಾಗಾಗಿ ಲಾಟರಿಯ ದಾರಿ ಕಾಯದೆ ವೀಸಾ ಮಾಡಿಸಿಬಿಡಿ.

ಅಲ್ಲಿ ನಾನು ಮಾಡಿದ ಒಂದು ಜಾಣತನ ಅಂದರೆ ಎಸೆನ್‌ನಲ್ಲಿ ರೂಮು ಹಿಡಿದಿದ್ದು. ಎಸೆನ್‌ನಲ್ಲಿ ಮ್ಯಾಚೇ ಇರಲಿಲ್ಲ, ಅದಕ್ಕೇ ಬಾಡಿಗೆ ಏರಿರಲಿಲ್ಲ. ಆದರೆ ಡಾರ್ಟ್‌ಮಂಡ್, ಗೆಲ್ಸೆನ್‌ಕಿರ್ಷನ್, ಡುಸೆಲ್‌ಡಾರ್ಫ್, ಕಲೋನ್ ನಾಲ್ಕೂ ಅಲ್ಲಿಂದ ಲೋಕಲ್ ರೈಲಿನ ದೂರ. ತಂಡದ ಹಿಂದೆ ಮ್ಯೂನಿಕ್‌ನಿಂದ ಹ್ಯಾಂಬರ್ಗ್‌ಗೆ ಓಡುವುದಕ್ಕಿಂತ ಒಂದು ಕಡೆ ಗಂಟು ಇಳಿಸಿ, ಸುತ್ತಲಿನ ನಾಲ್ಕು ಮೈದಾನದಲ್ಲಿ ಯಾವುದಕ್ಕೆ ಟಿಕೆಟ್ ಸಿಗುತ್ತದೋ ಅದಕ್ಕೆ ಹೋಗುವುದು ವಾಸಿ. ಮ್ಯಾಚ್ ಟಿಕೆಟ್ ಜೊತೆ 36 ಗಂಟೆಯ ಲೋಕಲ್ ಪ್ರಯಾಣ ಸೇರಿಯೇ ಇತ್ತು. ಉಳಿದ ದಿನಗಳಿಗೆ 49 ಯೂರೋದ ತಿಂಗಳ ಪಾಸ್ ತೆಗೆದುಕೊಂಡೆ. ಅದನ್ನು 10ನೇ ತಾರೀಕಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳದ್ದೂ ಕತ್ತರಿಸುತ್ತಾರೆ.

ಜೂನ್ 18, ಡಾರ್ಟ್‌ಮಂಡ್. ಅಂಥ ಮಳೆ ನಮ್ಮ ಆಗುಂಬೆಯಲ್ಲಿ ಬಿಟ್ಟರೆ ನಾನು ನೋಡಿಲ್ಲ. ಮೈದಾನದ ಚಾವಣಿಯಿಂದ ನೀರು ಜೋಗದ ಹಾಗೆ ಇಳಿಯುತ್ತಿತ್ತು. ಟಿಕೆಟ್ ಇರುವುದು ಫೋನಿನಲ್ಲಿ. ಕೋಡ್ ಕಾಣಿಸುವುದು ಗೇಟಿನ ಹತ್ತಿರ ಬ್ಲೂಟೂತ್ ಹಾಕಿದ ಮೇಲೆ, ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಒದ್ದೆ ಬೆರಳಿಗೆ ಪರದೆ ಓಗೊಡದು. ಅಮ್ಮ ಚಕ್ಕುಲಿ ಕಟ್ಟಿಕೊಟ್ಟಿದ್ದ ಪ್ಲಾಸ್ಟಿಕ್ ಕವರಿನೊಳಗೆ ಫೋನ್ ಹಾಕಿ, ಕವರಿನ ಮೇಲಿಂದಲೇ ಒತ್ತಿ ಒಳಗೆ ಹೋದೆ. ಆ ಕಡೆ ಟರ್ಕಿ ಮೂಲದವರು ಬಹಳ, ಮೈದಾನವೆಲ್ಲ ಕೆಂಪು. 65ನೇ ನಿಮಿಷಕ್ಕೆ 19ರ ಹುಡುಗ ಅರ್ದಾ ಗುಲೆರ್ ದೂರದಿಂದ ಬಾರಿಸಿದಾಗ ಕವರಿನಲ್ಲಿದ್ದ ಫೋನ್ ತೆಗೆದು ವಿಡಿಯೊ ಮಾಡುವ ನೆನಪೂ ಆಗಲಿಲ್ಲ.

ಇಷ್ಟೆಲ್ಲ ಹೊಗಳಿದ ರೀಸೇಲ್ 2026ರ ವಿಶ್ವಕಪ್‌ಗೆ ಅಷ್ಟು ಹೊಂದಲಿಲ್ಲ. ಅಮೆರಿಕ, ಕೆನಡಾ, ಮೆಕ್ಸಿಕೊ ಸೇರಿ 16 ಊರು, 104 ಮ್ಯಾಚ್. ಫಿಫಾ ರೀಸೇಲ್ ತಾಣದಲ್ಲಿ ಮಾರುವವರಿಂದ ಶೇ 15, ಕೊಳ್ಳುವವರಿಂದ ಇನ್ನೊಂದು ಶೇ 15. ಬೆಲೆಯನ್ನೂ ಹೆಚ್ಚಿನ ಕಡೆ ಮಾರುವವರೇ ಏರಿಸಬಹುದಿತ್ತು. ಅಂದರೆ ಕೊನೆಯ ದಿನದ ಚುಕ್ಕಿಗೆ ಕಾಯುವ ನನ್ನ ಉಪಾಯಕ್ಕೆ ಅಲ್ಲಿ ದುಪ್ಪಟ್ಟು ದಂಡ ಬೀಳಬಹುದಿತ್ತು. ಅಲ್ಲಿಗೆ ಲಾಟರಿಯೇ ಮೇಲು ಅನ್ನಿಸಿತು. ಮೂರು ದೇಶಕ್ಕೆ ಮೂರು ವೀಸಾ ನಿಯಮ ಬೇರೆ, ಆದ್ದರಿಂದ ಒಂದೇ ದೇಶ ಹಿಡಿದು ಅಲ್ಲಿನ ಊರುಗಳಿಗಷ್ಟೇ ಅರ್ಜಿ ಹಾಕುವುದು ಸರಿ ಅಂದುಕೊಂಡೆ. ದೋಹಾದ ತಮ್ಮ ಆಗಲೇ ಹತ್ತು ಮ್ಯಾಚಿನ ಪಟ್ಟಿ ಕಳಿಸಿದ್ದ. ಅದರಲ್ಲಿ ಎಂಟನ್ನು ಹೊಡೆದು ಹಾಕಿ ವಾಪಸ್ ಕಳಿಸಿದೆ.