ದವಡೆ ಹಲ್ಲಿನೊಳಗೊಂದು ಕಳ್ಳ ತೂಬು

ಈ ಹಲ್ಲಿನ ಕ್ಲಿನಿಕ್ಕಿಗೆ ಐದರಲ್ಲಿ ನಾಲ್ಕು ಸ್ಟಾರ್ ಕೊಟ್ಟಿದ್ದೇನೆ. ಒಂದು ಯಾಕೆ ಹಿಡಿದುಕೊಂಡೆ ಅಂತ ಆಮೇಲೆ ಹೇಳುತ್ತೇನೆ.

ನಾನು ಮಂಡ್ಯ ಕಡೆಯವನು. ವಿಶ್ವೇಶ್ವರಯ್ಯ ನಾಲೆಯಲ್ಲಿ ಗದ್ದೆಗಳಿಗೆ ನೀರು ಬಿಡುವ ಸೌಡಿ ಕೆಲಸ ಮಾಡಿ ಈಗ ಮನೆಯಲ್ಲಿದ್ದೇನೆ. ನಾನು ಹೇಳುತ್ತಿದ್ದೇನೆ, ಮಗಳು ಮೊಬೈಲಲ್ಲಿ ಒತ್ತುತ್ತಿದ್ದಾಳೆ.

ಹೋದ ವರ್ಷ ಎಡಗಡೆ ಕೆಳಗಿನ ದವಡೆ ಹಲ್ಲಿಗೆ ಬೇರೆ ಕಡೆ ರೂಟ್ ಕೆನಾಲ್ ಮಾಡಿಸಿ, ಅಂದರೆ ಬೇರಿನೊಳಗಿನ ಸಣ್ಣ ನಾಲೆಗಳನ್ನು (ಕೆನಾಲ್) ಕೆರೆದು ಮದ್ದು ತುಂಬಿಸಿ, ಕ್ಯಾಪ್ ಹಾಕಿಸಿದ್ದೆ. ಮೂರು ತಿಂಗಳು ಸುಮ್ಮನಿತ್ತು. ಆಮೇಲೆ ಆ ಕಡೆ ಕಡಲೆಬೀಜ ಅಗಿದರೂ ಜೀವ ಹೋಗುತ್ತಿತ್ತು. ಒಸಡಿನಲ್ಲಿ ಸಣ್ಣ ಗುಳ್ಳೆ, ಒತ್ತಿದರೆ ಕೀವು. ಅಲ್ಲಿಗೇ ಮೂರು ಸಲ ಹೋದೆ. ಮೂರು ಸಲವೂ ಅದೇ ಎಕ್ಸ್‌ರೇ, ಅದೇ ಮಾತ್ರೆ. "ಮೂರೂ ಕೆನಾಲ್ ನೀಟಾಗಿ ತುಂಬಿದೆ, ನಿಮಗೆ ಸುಮ್ನೆ ಅನುಮಾನ" ಎಂದರು. ಮೂರೂ ತೂಬು ಮುಚ್ಚಿದ ಮೇಲೂ ಗದ್ದೆಗೆ ನೀರು ಹೋಗುತ್ತಿದ್ದರೆ ಎಲ್ಲೋ ಕಳ್ಳ ತೂಬು ಇದೆ ಅಂತ ಅರ್ಥ ಅಲ್ವಾ? ನನ್ನ ಕಸುಬೇ ಅದು.

ಕುವೆಂಪುನಗರದ ಈ ಕ್ಲಿನಿಕ್ಕಿಗೆ ಮಗಳು ಕರೆದುಕೊಂಡು ಬಂದಳು. ಡಾಕ್ಟ್ರಮ್ಮ ಚಿಕ್ಕ ವಯಸ್ಸಿನವರು. ಎಕ್ಸ್‌ರೇ ಎರಡು ತೆಗೆದರು, ಒಂದು ನೇರವಾಗಿ, ಇನ್ನೊಂದು ಟ್ಯೂಬನ್ನು ಸುಮಾರು 30 ಡಿಗ್ರಿ ಪಕ್ಕಕ್ಕೆ ಸರಿಸಿ. ಏರಿ ಮೇಲೆ ಒಂದೇ ಸಾಲಿನಲ್ಲಿರುವ ಎರಡು ತೆಂಗಿನ ಮರ ನೇರ ನಿಂತವನಿಗೆ ಒಂದೇ ಮರ. ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋದರೆ ಎರಡು. ಹಾಗೇ ಎರಡನೇ ಫೋಟೋದಲ್ಲಿ ಹಿಂದಿನ ಬೇರಿನ ಮರೆಯಿಂದ ತೆಳ್ಳಗೆ ಇನ್ನೊಂದು ಬೇರು ಇಣುಕಿತು. ಟ್ಯೂಬ್ ಸರಿದ ಕಡೆಗೇ ಅದೂ ಸರಿದಿತ್ತು, ಹಾಗಾಗಿ ಅದು ನಾಲಿಗೆ ಕಡೆಯದು ಎಂದರು. ನನಗೆ ಅಲ್ಲೇ ನಂಬಿಕೆ ಬಂತು.

ಕೆಳಗಿನ ಮೊದಲ ದವಡೆ ಹಲ್ಲಿಗೆ ಸಾಮಾನ್ಯವಾಗಿ ಬೇರು ಎರಡು, ಕೆನಾಲ್ ಮೂರು, ಕೆಲವರಿಗೆ ನಾಲ್ಕು. ನನಗೆ ಬೇರುಗಳೇ ಮೂರು. ಇದಕ್ಕೆ ರೇಡಿಕ್ಸ್ ಎಂಟೊಮೊಲಾರಿಸ್ ಅನ್ನುತ್ತಾರಂತೆ. 1844ರಲ್ಲೇ ಕ್ಯಾರಾಬೆಲ್ಲಿ ಎಂಬವರು ಬರೆದಿಟ್ಟಿದ್ದಾರಂತೆ. ಚೀನಾ, ತೈವಾನ್ ಕಡೆಯವರಲ್ಲಿ ಜಾಸ್ತಿ. "ಹಾಗಾದರೆ ನನ್ನ ತಾತ ಎಲ್ಲಿಯವನು?" ಎಂದೆ. "ಸರ್, ನಮ್ಮಲ್ಲೂ ಇರುತ್ತೆ, ಕಡಿಮೆ ಅಷ್ಟೇ" ಎಂದು ನಕ್ಕರು.

ಆಮೇಲೆ ಸಿಬಿಸಿಟಿ ಸ್ಕ್ಯಾನಿಗೆ ಬರೆದರು, ಅಂದರೆ ಹಲ್ಲನ್ನು ಎಲ್ಲಾ ಕಡೆಯಿಂದ ತೋರಿಸುವ 3ಡಿ ಎಕ್ಸ್‌ರೇ. ಎಲ್ಲರಿಗೂ ಬರೆಯಲ್ಲವಂತೆ, ಅನುಮಾನ ಇದ್ದರೆ ಮಾತ್ರ. ಹಲ್ಲನ್ನು ಮೂಲಂಗಿ ಬಿಲ್ಲೆ ಹಾಗೆ ಹೋಳು ಹೋಳಾಗಿ ಪರದೆ ಮೇಲೆ ತೋರಿಸಿದರು. ನಾಲಿಗೆ ಕಡೆ ಹಿಂದೆ ಒಂದು ಚುಕ್ಕೆ ಖಾಲಿ ಇತ್ತು, ಅದರಲ್ಲಿ ಮದ್ದು ತುಂಬಿರಲಿಲ್ಲ. ಆ ಬೇರು ಕೆನ್ನೆ ಕಡೆಗೆ ಬಾಗಿತ್ತು. ಪಕ್ಕದ ಎರಡನೇ ದವಡೆ ಹಲ್ಲನ್ನೂ ನೋಡಿದರು. ಅಲ್ಲಿ ಕೆನಾಲ್‌ಗಳು ಕೂಡಿಕೊಂಡು ಇಂಗ್ಲಿಷಿನ 'ಸಿ' ಅಕ್ಷರದ ಹಾಗೆ ಇರುವುದೂ ಉಂಟಂತೆ. ನನ್ನದು ಹಾಗಿರಲಿಲ್ಲ, ಪುಣ್ಯ.

ಕೆಲಸ ಎರಡು ಸಲ ಕೂರಿಸಿ ಮಾಡಿದರು. ಕ್ಯಾಪ್ ಕತ್ತರಿಸಿ, ಹಳೇ ಮದ್ದೆಲ್ಲ ತೆಗೆದು, ರಂಧ್ರವನ್ನು ನಾಲಿಗೆ ಕಡೆಗೆ ಹಿಂದಕ್ಕೆ ಅಗಲ ಮಾಡಿದರು. ಮೊದಲಿನವರು ರಂಧ್ರವನ್ನು ಮಾಮೂಲಿ ತ್ರಿಕೋನ ಆಕಾರಕ್ಕೇ ನಿಲ್ಲಿಸಿದ್ದರು, ನಾಲ್ಕನೇ ಕೆನಾಲಿನ ಬಾಯಿ ಅದರ ಆಚೆ ಇತ್ತು. ಮೈಕ್ರೋಸ್ಕೋಪಿನಲ್ಲಿ ನೋಡಿಕೊಂಡು ಕೆನಾಲ್ ಕೆರೆಯುವ ಸೂಜಿಯಂಥ ಸಣ್ಣ ಫೈಲನ್ನು ಮೊದಲೇ ಬಗ್ಗಿಸಿ ಇಳಿಸಿದರು. ನೆಟ್ಟಗೆ ತಳ್ಳಿದರೆ ಆ ತಿರುವಿನಲ್ಲಿ ಮುರಿದು ಒಳಗೇ ಉಳಿಯಬಹುದಂತೆ. ಬಾಯಿಗೆ ರಬ್ಬರ್ ಹಾಳೆ ಕಟ್ಟಿದ್ದರಿಂದ ಬ್ಲೀಚಿಂಗ್ ವಾಸನೆಯ ನೀರು ಗಂಟಲಿಗೆ ಹೋಗಲಿಲ್ಲ. ಆದರೆ ಮುಕ್ಕಾಲು ಗಂಟೆ ಬಾಯಿ ತೆರೆದಿದ್ದು ದವಡೆ ಸೋತುಹೋಯಿತು.

ಈಗ ಗುಳ್ಳೆ ಇಲ್ಲ. ಹೊಸ ಕ್ಯಾಪ್ ಮುಂದಿನ ಗುರುವಾರ.

ಇನ್ನು ಹಿಡಿದುಕೊಂಡ ಸ್ಟಾರ್. ಹತ್ತು ಗಂಟೆ ಅಂದವರು ಹನ್ನೊಂದೂವರೆಗೆ ಒಳಗೆ ಕರೆದರು, ಎರಡು ಸಲವೂ. ಮಂಡ್ಯದಿಂದ ಬೆಳಿಗ್ಗೆ ರೈಲು ಹಿಡಿದು ಬರುವವರಿಗೆ ಅದು ಸಣ್ಣ ವಿಷಯವಲ್ಲ. ಮೊದಲ ಮಹಡಿ, ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದು. ಸ್ಕ್ಯಾನಿಗೆ ಬೇರೆ ಕಡೆ ಓಡಬೇಕು. ಅವರು ಕೊಟ್ಟ ಸಿಡಿ ಹಾಕಿ ನೋಡಲು ನಮ್ಮ ಮನೆಯಲ್ಲಿ ಏನೂ ಇಲ್ಲ. ಮಗಳು ಪರದೆಯ ಫೋಟೋ ತೆಗೆದುಕೊಂಡಿದ್ದಾಳೆ. ಕಟ್ಟೆ ಮೇಲೆ ಕೂತವರಿಗೆಲ್ಲ ಆ ಮೂರನೇ ಬೇರು ತೋರಿಸಿ ಆಗಿದೆ.