ಕೊಟ್ಟಿಗೆ ಕಂಬಕ್ಕೆ ಬಿ ಕ್ಲಾಸ್ ಜಿಐ ಪೈಪು: ಮೂರು ಮಳೆಗಾಲ ಆದಮೇಲೆ

ಹಳೇ ಕೊಟ್ಟಿಗೆಯ ಕಂಬದ ಬುಡವನ್ನು ಒಂದು ದಿನ ಸುಮ್ನೆ ಹೆಬ್ಬೆರಳಲ್ಲಿ ಒತ್ತಿದೆ. ಬೆರಳು ಒಳಗೇ ಹೋಯಿತು! ಮೇಲೆ ಸಿಲ್ವರ್ ಪೇಂಟ್ ಇನ್ನೂ ಹೊಳೆಯುತ್ತಿತ್ತು. ಕೆಳಗೆ ಗಂಜಲ ಬಿದ್ದು ಬಿದ್ದು ಕಬ್ಬಿಣ ಹಪ್ಪಳವಾಗಿತ್ತು. ಎರಡಿಂಚಿನ ಪೈಪು ಅಂತ ನನಗೆ ಕೊಟ್ಟಿದ್ದು ಒಂದು ಮಿಲಿಮೀಟರ್ ಚಿಲ್ಲರೆ ದಪ್ಪದ ಟ್ಯೂಬು. ತಪ್ಪು ನನ್ನದೂ ಇದೆ, ರೇಟು ಕೇಳಿದ್ದೆ, ದಪ್ಪ ಕೇಳಿರಲಿಲ್ಲ.

ಹಾಗಾಗಿ ಹೊಸ ಕೊಟ್ಟಿಗೆಗೆ ದಾವಣಗೆರೆ ಪಿ.ಬಿ. ರಸ್ತೆಯ ಅಂಗಡಿಯೊಂದರಿಂದ 2 ಇಂಚಿನ ಬಿ ಕ್ಲಾಸ್ ಜಿಐ ಪೈಪು ತಂದೆ. ಜಿಐ ಅಂದರೆ ಸತುವಿನ ಲೇಪ ಕೊಟ್ಟ ಕಬ್ಬಿಣ, ಬಿ ಕ್ಲಾಸ್ ಅಂದರೆ ಮಧ್ಯಮ ದಪ್ಪದ್ದು. ಅಂಗಡಿಯ ಹಿರಿಯರು ಮೊದಲೇ ಹೇಳಿದರು, "ಯಜಮಾನ್ರೇ, ಇಂಚು ಕೇಳಬ್ಯಾಡ್ರಿ, ತೂಕ ಕೇಳ್ರಿ." ಎದುರಿಗೇ ತೂಗಿಸಿದರು. 6 ಮೀಟರಿನ ಒಂದು ಪೈಪು 30 ಕೆ.ಜಿ. ದಾಟಿತು. ಪೈಪಿನ ಗೋಡೆ 3.6 ಮಿ.ಮೀ. ದಪ್ಪ ಇರಬೇಕು, ದಪ್ಪ ಅಳೆಯೋ ವರ್ನಿಯರ್ ಇಟ್ಟು ಅದನ್ನೂ ತೋರಿಸಿದರು. ಬಣ್ಣದ ಪಟ್ಟಿ ನೋಡಿದರೂ ಗೊತ್ತಾಗುತ್ತೆ: ಹಳದಿ ಎ ಕ್ಲಾಸು, ನೀಲಿ ಬಿ, ಕೆಂಪು ಸಿ. ಆದರೆ ಪಟ್ಟಿ ಯಾರು ಬೇಕಾದ್ರೂ ಬಳಿಯಬಹುದು ಅಲ್ವಾ, ತಕ್ಕಡಿ ನಂಬಿ. ಇಂಥ ಪೈಪಿನ ಭಾರತೀಯ ಮಾನಕದ ನಂಬರು ಐಎಸ್ 1239 ಅಂತ ಪೈಪಿನ ಮೇಲೆ ಅಚ್ಚು ಇದೆಯಾ ಅಂತಲೂ ನೋಡಿ. ಸಿ ಕ್ಲಾಸ್ ಇನ್ನೂ ದಪ್ಪ, ಆದರೆ ಶೀಟು ಹೊರೋ ಕಂಬಕ್ಕೆ ಅದು ದಂಡ.

ನಾನು ಬೇಸ್ತು ಬಿದ್ದಿದ್ದು ಪೈಪನ್ನು ಸುತ್ತ ಬಿಗಿದು ಹಿಡಿಯೋ ಕ್ಲಾಂಪಿನಲ್ಲಿ. ಹಳೇ ಟ್ಯೂಬಿನ ಅಳತೆಗೆ ಎರಡಿಂಚಿನ ಕ್ಲಾಂಪು ಮೊದಲೇ ತಂದಿಟ್ಟಿದ್ದೆ. ಒಂದೂ ಕೂರಲಿಲ್ಲ. ಟ್ಯೂಬಿಗೆ ಹೊರಗಿನ ಅಳತೆ ಹೇಳ್ತಾರೆ. ಪೈಪಿಗೆ ಹೇಳೋ ಇಂಚು ಹೆಚ್ಚುಕಮ್ಮಿ ಒಳಗಿನ ತೂತಿನದು. 2 ಇಂಚಿನ ಪೈಪಿನ ಹೊರಮೈ 60.3 ಮಿ.ಮೀ.! ಎಲ್ಲಾ ವಾಪಸ್ ಕೊಟ್ಟು ಬೇರೆ ತಂದೆ.

ಶೀಟಿನ ಕೆಳಗಿನ ಅಡ್ಡಪಟ್ಟಿಗೆ ಮಾತ್ರ ಚೌಕದ ಟ್ಯೂಬು ಹಾಕಿಸಿದೆ. ಮುಖ ಚಪ್ಪಟೆ ಇರೋದರಿಂದ ಸ್ಕ್ರೂ ಜಾರಲ್ಲ. ದುಂಡು ಪೈಪಿನ ಮೇಲೆ ಡ್ರಿಲ್ ನಿಲ್ಲಿಸಿ ನೋಡಿ, ತಿಳಿಯುತ್ತೆ.

ಮೂರು ಮಳೆಗಾಲ ಆಯಿತು. ಗಂಜಲ ಸಿಡಿಯೋ ಜಾಗದಲ್ಲಿ ಬಣ್ಣ ಮಂಕಾಗಿದೆ ಅಷ್ಟೇ, ತುಕ್ಕಿಲ್ಲ. ಆದರೆ ವೆಲ್ಡಿಂಗ್ ಮಾಡಿದ ಕಡೆಯೆಲ್ಲ ಕೆಂಪಗೆ ಸುಲಿದಿದೆ. ಬೆಂಕಿಗೆ ಸತುವಿನ ಲೇಪ ಸುಟ್ಟು ಬಿಳಿ ಹೊಗೆಯಾಗಿ ಹೋಗುತ್ತೆ. ಆ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತೆ, ನಮ್ಮ ವೆಲ್ಡರ್ ಹುಡುಗನಿಗೆ ಬಂದಿತ್ತು. ಸುಟ್ಟ ಜಾಗವನ್ನು ಅವತ್ತೇ ಉಜ್ಜಿ ಝಿಂಕ್ ಪೇಂಟ್ ಹೊಡೆಯಬೇಕಿತ್ತು. ನಾಳೆ ನಾಳೆ ಅಂತ ಬಿಟ್ಟೆ.

ಮುಂದಿನ ಬೇಸಿಗೆಗೆ ಹುಲ್ಲಿನ ಶೆಡ್ಡು ಆಗಬೇಕು. ಅದಕ್ಕೂ ಇದೇ ಪೈಪು, ಆದರೆ ವೆಲ್ಡಿಂಗ್ ಇಲ್ಲ, ಪೂರಾ ಕ್ಲಾಂಪು.