ಹಿರಿಯರ ಮನೆ ಸುರಕ್ಷತಾ ತಪಾಸಣೆ: ಬೇಸಿಗೆಯಲ್ಲಿ ಕರೆಸಬೇಡಿ

ಧಾರವಾಡದಲ್ಲಿ ಈ ಸೇವೆ ಪಡೆಯುವವರು ಜುಲೈನಲ್ಲಿ ಕರೆಸಿ. ನಾವು ಏಪ್ರಿಲ್‌ನಲ್ಲಿ ಕರೆಸಿದೆವು.

ಹೋದ ವರ್ಷ ನಮ್ಮ ಅತ್ತೆಯವರು ಬಿದ್ದು ಮುಂಗೈ ಮೂಳೆ ಮುರಿದುಕೊಂಡರು. ಪ್ಲಾಸ್ಟರ್ ಬಿಚ್ಚಿದ ದಿನ, ಮನೆಯಲ್ಲಿ ಎಲ್ಲೆಲ್ಲಿ ಬೀಳುವ ಅಪಾಯವಿದೆ ಎಂದು ನೋಡಿ ಹೇಳಲು ಆಸ್ಪತ್ರೆಯವರೇ ಫಿಸಿಯೋಥೆರಪಿಸ್ಟರನ್ನು ಮನೆಗೆ ಕಳಿಸುವುದಾಗಿ ಹೇಳಿದರು. ಶುಲ್ಕ 1,500 ರೂಪಾಯಿ. 70 ದಾಟಿದವರ ಆಯುಷ್ಮಾನ್ ಕಾರ್ಡ್ ಇರುವುದು ಆಸ್ಪತ್ರೆಯಲ್ಲಿ ದಾಖಲಾದಾಗಿನ ಚಿಕಿತ್ಸೆಗೆ. ಹಾಗಾಗಿ ಈ ಶುಲ್ಕವನ್ನು ಕೈಯಿಂದಲೇ ಕೊಡಬೇಕು.

ಬಂದವರು ಮನೆಗಿಂತ ಮೊದಲು ಅತ್ತೆಯವರನ್ನು ನೋಡಿದರು. ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಹೇಳಿ ಗಡಿಯಾರ ಹಿಡಿದರು. 12 ಸೆಕೆಂಡು ದಾಟಿದರೆ ಬೀಳುವ ಅಪಾಯ ಹೆಚ್ಚಂತೆ. ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ರಕ್ತದೊತ್ತಡ ಅಳೆದರು. ಮೇಲಿನ ಅಂಕಿ 20ಕ್ಕಿಂತ ಹೆಚ್ಚು ಇಳಿಯಿತು. ಬೆಳಗಿನ ಜಾವ ಹಾಸಿಗೆ ಬಿಟ್ಟೇಳುವಾಗ ಕಣ್ಣಿಗೆ ಕತ್ತಲೆ ಬರುತ್ತದೆಂದು ಅತ್ತೆಯವರು ಹೇಳುತ್ತಲೇ ಇದ್ದರು, ನಾವು ವಯಸ್ಸಿನ ಮೇಲೆ ಹಾಕುತ್ತಿದ್ದೆವು. ವೈದ್ಯರು ಬಿ.ಪಿ. ಮಾತ್ರೆ ಬದಲಿಸಿಕೊಟ್ಟರು. ಕೊಟ್ಟ ಹಣ ಅಲ್ಲಿಗೇ ಸಾರ್ಥಕವಾಯಿತು ಎನ್ನಬೇಕು.

ಜಗಳ ನಡೆದದ್ದು ಹೊಸ್ತಿಲಿನ ಮೇಲೆ. ಹಳೆಯ ಮನೆ, ಗೇಣೆತ್ತರದ ಸಾಗವಾನಿ ಹೊಸ್ತಿಲು. "ಅಜ್ಜಿ, ಇದನ್ನು ಕೊಯ್ಯಿಸಿಬಿಡಿ" ಎಂದರು ಫಿಸಿಯೋಥೆರಪಿಸ್ಟರು. "ಹೊಸ್ತಿಲಿಲ್ಲದ್ದು ಮನೆಯೇನು ತಂಗಿ, ಗೋದಾಮು" ಎಂದರು ಅತ್ತೆ. ಹಾಗಾದರೆ ಅಂಚು ಎದ್ದು ಕಾಣುವಂತೆ ಹಳದಿ ಪಟ್ಟಿ ಬಳಿಯಿರಿ ಎಂದಾಗ ಅತ್ತೆಯವರು ಮಾತಾಡದೆ ಅರಿಸಿನದ ಬಟ್ಟಲು ತಂದು ತೋರಿಸಿದರು. ಆಕೆ ನಕ್ಕು ತಮ್ಮ ತಪಾಸಣೆಯ ಹಾಳೆಯಲ್ಲಿ ಸರಿ ಗುರುತು ಹಾಕಿದರು. ಷರತ್ತು ಒಂದೇ: ಬಗ್ಗಿ, ಕುಕ್ಕರಗಾಲಿನಲ್ಲಿ ಕೂತು ಹಚ್ಚಬಾರದು. ಈಗ ದಿನವೂ ನೀರು ಕಾಯುವ ಹೊತ್ತಿಗೆ ನಾನು ಸ್ಟೂಲು ಇಡುತ್ತೇನೆ. ಅತ್ತೆ ಕೂತು ಒದ್ದೆ ಬಟ್ಟೆಯಿಂದ ಒರೆಸಿ, ಅರಿಸಿನ ಬಳಿದು, ಎರಡು ತುದಿಗೂ ಕುಂಕುಮವಿಟ್ಟು, ನಡುವೆ ರಂಗೋಲಿಯ ಎಳೆ ಎಳೆಯುತ್ತಾರೆ. ಬಾಗಿಲ ಚೌಕಟ್ಟಿಗೆ ಬಿಗಿದ ಹಿಡಿಕೆ ಹಿಡಿದು ಏಳುತ್ತಾರೆ. ಹಿಡಿಕೆಗೂ ಒಂದು ಬೊಟ್ಟು ಬಿದ್ದಿದೆ.

ಬಚ್ಚಲಿನ ಹಿಡಿಕೆಯ ಕಥೆ ಬೇರೆ. ಮಣ್ಣಿನ ಗೋಡೆ ಸ್ಕ್ರೂ ಹಿಡಿಯಲಿಲ್ಲ. ಗೋಡೆಯ ಆಚೆಗೆ ಹಾಯುವ ಬೋಲ್ಟು, ಹಿಂದೆ ಕಬ್ಬಿಣದ ತಗಡು ಹಾಕಿಸಬೇಕಾಯಿತು. ಗೋಡೆ ಎಂಥದ್ದೆಂದು ವರದಿಯಲ್ಲಿ ಒಂದು ಸಾಲಿಲ್ಲ. ಟವೆಲ್ ಹಾಕುವ ಕಂಬಿಯನ್ನು ಹಿಡಿಯಬೇಡಿ ಎಂದು ಮಾತ್ರ ದಪ್ಪ ಅಕ್ಷರದಲ್ಲಿದೆ.

ಜೂನ್ ಮುಗಿಯುತ್ತಿದ್ದಂತೆ ನನ್ನ ಮೆಚ್ಚುಗೆಯೂ ತೊಯ್ದು ಹೋಯಿತು. ಧಾರವಾಡದ ಜಿಟಿಜಿಟಿ ಮಳೆ ಗೊತ್ತಲ್ಲ, ವಾರಗಟ್ಟಲೆ ಬಿಸಿಲಿಲ್ಲ. ವರದಿಯಲ್ಲಿ "ಹಿತ್ತಲು: ತೊಂದರೆಯಿಲ್ಲ" ಎಂದಿದ್ದ ಜಾಗದ ಪರಸಿ ಕಲ್ಲಿನ ಮೇಲೆ ಹಸಿರು ಪಾಚಿ. ಅತ್ತೆಯವರ ತುಳಸಿ ಕಟ್ಟೆ ಅದರಾಚೆ. ಕಾಲೊರೆಸಲು ಹಾಕಿದ ಗೋಣಿಚೀಲ ಮುದ್ದೆಯಾಗಿ ಬಾಗಿಲಲ್ಲೇ ಎಡವುವಂತೆ ಕೂತಿತು. ಒಣಗದ ಸೀರೆಗಳು ಪಡಸಾಲೆಯಲ್ಲಿ ಅಡ್ಡಡ್ಡ ತೂಗುತ್ತಿದ್ದವು. ಅವುಗಳ ಕೆಳಗೆ ತಲೆ ತಗ್ಗಿಸಿ ನುಸುಳುವವರಿಗೆ ಎದುರಿನ ಮೆಟ್ಟಿಲು ಕಾಣದು. ಕೊಡೆಯ ನೀರು ಬೇರೆ. ಏಪ್ರಿಲ್‌ನಲ್ಲಿ ನೋಡಿದ್ದ ಮನೆ ಇದಲ್ಲವೇ ಅಲ್ಲ.

ಫೋನ್ ಮಾಡಿದರೆ, ಎರಡನೇ ಭೇಟಿಗೂ ಪೂರ್ತಿ ಶುಲ್ಕ ಎಂದರು. ಸಿಟ್ಟಿನಲ್ಲಿ ನಾವೇ ಮಾಡಿಕೊಂಡೆವು: ಬ್ಲೀಚಿಂಗ್ ಪುಡಿ ಹಾಕಿ ಪಾಚಿ ಉಜ್ಜಿಸಿದೆವು, ಗೋಣಿಚೀಲ ತೆಗೆದು ಕೆಳಬದಿಗೆ ರಬ್ಬರ್ ಇರುವ ಹಾಸು ಹಾಕಿದೆವು, ಹಗ್ಗವನ್ನು ಗೋಡೆಯ ಪಕ್ಕಕ್ಕೆ ಸರಿಸಿದೆವು. ತುಳಸಿಯನ್ನು ಮಳೆಗಾಲಕ್ಕಷ್ಟೇ ಕುಂಡದಲ್ಲಿ ಒಳಗಿಡೋಣವೆಂದರೆ ಅತ್ತೆಯವರು ಇನ್ನೂ ಒಪ್ಪಿಲ್ಲ.

ಐದಕ್ಕೆ ಮೂರೂವರೆ ಅಂಕ. ಮಳೆಗಾಲದ ಮರುಭೇಟಿಯನ್ನು ಮೊದಲ ಶುಲ್ಕದಲ್ಲೇ ಸೇರಿಸಿದರೆ ಇನ್ನೊಂದು ಅಂಕ ಕೊಡಲು ಸಿದ್ಧಳಿದ್ದೇನೆ.